ಮದುವೆ ಪತ್ರಿಕೆಯ ಕವರ್ ಮೇಲೆ ಹೆಂಗಸರ ಹೆಸರಿನ ಮುಂದೆ ಏನು ಬರೆಯೋದು? ಐದು ಕವರ್ ಹಾಗೇ ಉಳಿದಿವೆ

ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಮಗಳ ಮದುವೆ. ಪತ್ರಿಕೆ ಪ್ರಿಂಟ್ ಆಗಿ ಬಂತು. ಮೊದಲನೆಯದನ್ನು ಮನೆದೇವರ ಮುಂದೆ ಇಟ್ಟು ಪೂಜೆ ಮಾಡಿದ್ದೂ ಆಯ್ತು. ಈಗ ಉಳಿದ ಕವರ್‌ಗಳ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಹೆಸರು ಬರೆಯುತ್ತಾ ಕೂತಿದ್ದೇನೆ. ಒಟ್ಟು 400 ಕವರ್. ಮೂರು ದಿನದಲ್ಲಿ 220 ಮುಗಿದಿವೆ. ಐದು ಮಾತ್ರ ಮೇಜಿನ ಮೇಲೆ ಪಕ್ಕಕ್ಕೆ ಇಟ್ಟಿದ್ದೇನೆ, ಬರೆಯೋಕೆ ಕೈ ಓಡ್ತಾ ಇಲ್ಲ. ಐದೂ ಹೆಂಗಸರದ್ದೇ.

ಒಂದು, ತಿಪಟೂರಿನಲ್ಲಿರುವ ನನ್ನ ಸೋದರತ್ತೆಯದು. ಹೋದ ಕಾರ್ತಿಕದಲ್ಲಿ ಮಾವ ತೀರಿಕೊಂಡರು. ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು 'ಶ್ರೀ ಮತ್ತು ಶ್ರೀಮತಿ' ಅಂತ ಬರೆಯುತ್ತಿದ್ದೆ. ನಮ್ಮ ಅತ್ತೆ, ಅಂದ್ರೆ ನಮ್ಮ ಯಜಮಾನರ ತಾಯಿ, ಹೇಳುತ್ತಾರೆ: "ಅವಳ ಮಗನ ಹೆಸರಿಗೆ ಬರಿ, ಕೆಳಗೆ ಕುಟುಂಬದವರು ಅಂತ ಹಾಕು. ಶುಭಕಾರ್ಯದ ಪತ್ರಿಕೆ ಅಲ್ವಾ."

ಎರಡು, ಮಗಳ ಸಂಗೀತದ ಟೀಚರ್. 58 ವರ್ಷ, ಮದುವೆ ಆಗಿಲ್ಲ. 'ಕುಮಾರಿ' ಅಂತ ಬರೆದರೆ ಸ್ಕೂಲ್ ಮಗುವಿಗೆ ಬರೆದ ಹಾಗೆ ಕಾಣುತ್ತೆ. 'ಶ್ರೀಮತಿ' ಅಂದರೆ ತಪ್ಪು ತಿಳಿದುಕೊಳ್ಳುತ್ತಾರೇನೋ ಅಂತ ಭಯ.

ಮೂರು, ಮಗಳ ಗೆಳತಿ. ಎರಡು ವರ್ಷದ ಹಿಂದೆ ಡೈವೋರ್ಸ್ ಆಯ್ತು. ಅವಳ ಮದುವೆಗೆ ನಾನೇ ಹೋಗಿದ್ದೆ.

ನಾಲ್ಕು, ನಮ್ಮ ಎದುರು ಮನೆಯವರು. ಆಕೆ ಪಶುವೈದ್ಯೆ, ಗಂಡ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಯಾರ ಹೆಸರು ಮೊದಲು?

ಐದು, ನಮ್ಮ ಹೂವಮ್ಮ. 18 ವರ್ಷದಿಂದ ದಿನಾ ಬೆಳಗ್ಗೆ ಆರೂವರೆಗೆ ಗೇಟಿನ ಹತ್ತಿರ ನಿಂತು ಎರಡು ಮೊಳ ಹೂವು ಅಳೆದು ಕೊಡುತ್ತಾಳೆ. ಮಗಳು ಮೊದಲ ಸಲ ಜಡೆ ಹಾಕಿಕೊಂಡಾಗ ಮುಡಿಸಿದ್ದು ಅವಳ ಕೈಯ ಮಲ್ಲಿಗೆ. ಪತ್ರಿಕೆ ಕೊಡಲೇಬೇಕು ಅಂತ ನನ್ನ ಆಸೆ. ಕವರ್ ತೆಗೆದು ಪೆನ್ ಹಿಡಿದ ಮೇಲೆ ಗೊತ್ತಾಯ್ತು, ಅವಳ ಹೆಸರೇ ನನಗೆ ಗೊತ್ತಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ ಅಂತ ಕೇಳಬಹುದು. ಅದಕ್ಕೊಂದು ಕಾರಣ ಇದೆ.

ನಮ್ಮ ತಂದೆ 1984ರಲ್ಲಿ ಹೋದರು. ನನಗೆ 15, ತಮ್ಮನಿಗೆ 11. ಅಮ್ಮನಿಗೆ 38 ಇರಬೇಕು. ಮಾರನೇ ವರ್ಷ ನೆಂಟರ ಮನೆಯಿಂದ ಒಂದು ಲಗ್ನಪತ್ರಿಕೆ ಪೋಸ್ಟಿನಲ್ಲಿ ಬಂತು. ಕವರ್ ಮೇಲೆ ತಮ್ಮನ ಹೆಸರಿತ್ತು. 'ಚಿ.' ಅಂತ ಹಾಕಿ ಅವನ ಹೆಸರು, 'ಮತ್ತು ಕುಟುಂಬದವರು'. ಅವನು ಆಗ ಐದನೇ ಕ್ಲಾಸು. ತನ್ನ ಹೆಸರಿಗೆ ಪೋಸ್ಟ್ ಬಂತು ಅಂತ ಮನೆಯೆಲ್ಲ ಓಡಾಡಿದ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಕವರ್ ತಗೊಂಡರು, ಹಿಂದೆ ಮುಂದೆ ತಿರುಗಿಸಿ ನೋಡಿದರು, ಗೋಡೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದರು. ಮನೆ ಬಾಡಿಗೆ ಕಟ್ಟುತ್ತಿದ್ದವರು ಅಮ್ಮ. ಮುಯ್ಯಿ ಮಾಡಬೇಕಿದ್ದವರೂ ಅಮ್ಮ. ಅವರು ಮಾತ್ರ 'ಕುಟುಂಬದವರು' ಅನ್ನೋ ಪದದ ಒಳಗೆ ಎಲ್ಲೋ ಇದ್ದರು.

ಈಗ ವಿಳಾಸಕ್ಕೆ ಅಂತ ನನ್ನ ಮದುವೆಯ ಮುಯ್ಯಿ ಪುಸ್ತಕ ತೆಗೆದೆ. 1993ರದು, ಕೆಂಪು ರಟ್ಟಿನ ಉದ್ದ ಪುಸ್ತಕ. 212 ಸಾಲು. ಹೆಂಗಸರ ಸ್ವಂತ ಹೆಸರು ಇರೋದು 9 ಸಾಲಿನಲ್ಲಿ. ಉಳಿದ ಕಡೆ 'ಮೂಲೆ ಮನೆ ಅಜ್ಜಿ 11 ರೂ.', 'ಹಾಲಿನ ಅಮ್ಮ 5 ರೂ.' ಅಂತಿದೆ. ಐದು ರೂಪಾಯಿ ಕೊಟ್ಟಿದ್ದು ನೆನಪಿದೆ, ಕೊಟ್ಟವಳ ಹೆಸರು ಯಾರಿಗೂ ಗೊತ್ತಿಲ್ಲ.

ಅದಕ್ಕೇ ನನ್ನ ಮಗಳ ಮದುವೆಯಲ್ಲಿ ಹಾಗಾಗೋದು ಬೇಡ. ಹಾಗಂತ 82 ವರ್ಷದ ಅತ್ತೆಯ ಮನಸ್ಸು ನೋಯಿಸೋಕೂ ಇಷ್ಟ ಇಲ್ಲ. ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ, ದಯವಿಟ್ಟು ಹೇಳಿ.

ಸುಲ್ತಾನ್‌ಪೇಟೆ ಡಿಟಿಪಿ

ಅಮ್ಮ, ನಾನು 14 ವರ್ಷದಿಂದ ಮದುವೆ ಕಾರ್ಡ್ ಕಂಪೋಸ್ ಮಾಡುತ್ತಿದ್ದೇನೆ. ಸೀಜನ್‌ನಲ್ಲಿ ದಿನಾ ಈ ಪ್ರಶ್ನೆ ಬರುತ್ತೆ.

ಎದುರು ಮನೆಯದು ಸುಲಭ. 'ಡಾ.' ಇರುವವರ ಹೆಸರು ಮೊದಲು. 'ಡಾ. ಇಂಥವರು ಮತ್ತು ಶ್ರೀ ಇಂಥವರು' ಅಂತ ಬರೆಯಿರಿ. ಗಂಡ ಡಾಕ್ಟರ್ ಆಗಿದ್ದರೆ ಹಾಗೇ ತಾನೇ ಬರೆಯುತ್ತಿದ್ದದ್ದು? 'ಡಾ. ಶ್ರೀಮತಿ' ಅಂತ ಎರಡೂ ಸೇರಿಸಬೇಡಿ, ಒಂದು ಸಾಕು.

ಕವರ್ ಮೇಲೆ 'ಶ್ರೀ / ಶ್ರೀಮತಿ' ಅಂತ ಮೊದಲೇ ಪ್ರಿಂಟ್ ಮಾಡಿಸಿ ಚುಕ್ಕಿ ಗೆರೆ ಹಾಕಿಸುವವರು ಜಾಸ್ತಿ. ನಾನು ಬೇಡ ಅನ್ನುತ್ತೇನೆ. ಬರೆಯುವವರು ಅವಸರದಲ್ಲಿ ಒಂದನ್ನು ಹೊಡೆದು ಹಾಕೋದು ಮರೆಯುತ್ತಾರೆ. ತಗೊಂಡವರಿಗೆ ಸರ್ಕಾರಿ ಅರ್ಜಿ ಬಂದ ಹಾಗಿರುತ್ತೆ. ಖಾಲಿ ಬಿಡಿಸಿ, ಕೈಯಲ್ಲೇ ಬರೆಯಿರಿ.

ಇನ್ನೊಂದು ಮಾತು. ಕವರ್‌ಗಿಂತ ಕಾರ್ಡಿನ ಒಳಗಡೆ ಕಷ್ಟ ಜಾಸ್ತಿ. ಮದುಮಗಳ ಅಮ್ಮ ಒಬ್ಬರೇ ಇದ್ದರೆ ಅವರ ಹೆಸರನ್ನೇ ಬಿಟ್ಟು ಚಿಕ್ಕಪ್ಪ ಚಿಕ್ಕಮ್ಮನ ಹೆಸರಲ್ಲಿ ಆಹ್ವಾನ ಹಾಕಿಸುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದೇ ಮಾಮೂಲು. ಈಗ 'ಶ್ರೀಮತಿ ಇಂಥವರು ಮತ್ತು ದಿ. ಶ್ರೀ ಇಂಥವರ ಪುತ್ರಿ' ಅಂತ ಅಮ್ಮನೇ ಬರೆಸುತ್ತಾರೆ. ಹೋದ ತಿಂಗಳು ಒಬ್ಬ ತಾಯಿ ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, ತಮ್ಮ ಹೆಸರಿನ ಅಕ್ಷರ ಒಂದು ಸೈಜ್ ದೊಡ್ಡದು ಮಾಡಿಸಿಕೊಂಡು ಹೋದರು.

ಹೆಸರುಗಳನ್ನು ಸ್ಟಿಕ್ಕರ್ ಮೇಲೆ ಪ್ರಿಂಟ್ ಮಾಡಿಸುವವರಿಗೂ ಒಂದು ಮಾತು. ವಾಟ್ಸಾಪ್‌ನಲ್ಲಿ ಪಟ್ಟಿ ಕಳಿಸಿದರೆ ನಾವು ಯೂನಿಕೋಡ್‌ನಿಂದ 'ನುಡಿ' ಸಾಫ್ಟ್‌ವೇರ್‌ನ ಅಕ್ಷರಕ್ಕೆ ಬದಲಾಯಿಸುತ್ತೇವೆ. ಆಗ ಅರ್ಕಾವತ್ತು, ಒತ್ತಕ್ಷರ ಎಡವಟ್ಟಾಗುತ್ತವೆ. ಪ್ರೂಫ್ ನೋಡದೆ ಓಕೆ ಅನ್ನಬೇಡಿ.

ಮೈಸೂರಿನ ಹಿರಿಯ

ತಾಯಿ, ನಮ್ಮ ಮನೆಯ ರೂಢಿ ಹೇಳುತ್ತೇನೆ. ಸುಮಂಗಲಿಯರಿಗೆ 'ಸೌ.', ಗಂಡ ಇಲ್ಲದವರಿಗೆ 'ಶ್ರೀಮತಿ', ಮದುವೆ ಆಗದವರಿಗೆ 'ಕುಮಾರಿ', ಮದುಮಗಳಿಗೆ 'ಚಿ.ಸೌ.'. ನಮ್ಮ ತಂದೆಯವರು ಹೀಗೇ ಬರೆಯುತ್ತಿದ್ದರು. ಇದರಲ್ಲಿ ಯಾರನ್ನೂ ಕೀಳು ಮಾಡುವ ಉದ್ದೇಶ ಇಲ್ಲ. 'ಸೌಭಾಗ್ಯವತಿ' ಅನ್ನೋದು ಒಂದು ಹಾರೈಕೆ, ಅಷ್ಟೇ. ನಿಮ್ಮ ಅತ್ತೆಯವರಿಗೆ 82 ವರ್ಷ. ಒಂದು ಕವರ್ ವಿಷಯಕ್ಕೆ ಅವರ ಎದುರು ನಿಲ್ಲಬೇಡಿ. ಮಗನ ಹೆಸರು ಬರೆದು, ಜತೆಗೆ 'ಮಾತೃಶ್ರೀಯವರು ಹಾಗೂ ಕುಟುಂಬದವರು' ಅಂತ ಹಾಕಿ. ಗೌರವವೂ ಉಳಿಯುತ್ತೆ, ಮನೆಯ ಶಾಂತಿಯೂ ಉಳಿಯುತ್ತೆ.

ತುಮಕೂರಿನ ಅಮ್ಮ

ಸಾರ್, ನಿಮ್ಮ ಕಾಳಜಿ ಅರ್ಥ ಆಗುತ್ತೆ. ಮನೆಯ ಶಾಂತಿ ನನಗೂ ಬೇಕು. ಆದರೆ ಒಂದೇ ಮನೆಗೆ ಹೋಗುವ ಎರಡು ಕವರ್ ಯೋಚನೆ ಮಾಡಿ. ಒಂದರ ಮೇಲೆ ಸೊಸೆಗೆ 'ಸೌ.', ಇನ್ನೊಂದರ ಮೇಲೆ ಅತ್ತೆಗೆ 'ಶ್ರೀಮತಿ'. ಅದನ್ನು ನೋಡಿದ ಪೋಸ್ಟ್‌ಮನ್‌ಗೂ ಯಾರಿಗೆ ಗಂಡ ಇದ್ದಾರೆ, ಯಾರಿಗೆ ಇಲ್ಲ ಅಂತ ಗೊತ್ತಾಗುತ್ತೆ. ಗಂಡಸರಿಗೆ ಹೆಂಡತಿ ಇದ್ದರೂ 'ಶ್ರೀ', ತೀರಿಕೊಂಡರೂ 'ಶ್ರೀ'. ಹಾರೈಕೆ ಅಂದಮೇಲೆ ಅದು ಹೆಚ್ಚಾಗಿ ಬೇಕಿರೋದು ನಮ್ಮ ಸೋದರತ್ತೆಯಂಥವರಿಗೇ ಅಲ್ವಾ? 'ಮಾತೃಶ್ರೀ' ಒಳ್ಳೆಯ ಪದ. ಆದರೆ ಅಲ್ಲೂ ಅವರ ಹೆಸರು ಬರೋದಿಲ್ಲ.

ನಿಪ್ಪಾಣಿ ಮೇಷ್ಟ್ರು

ಅಕ್ಕಾರೆ, ನಾನು ನಿವೃತ್ತ ಕನ್ನಡ ಮೇಷ್ಟ್ರು. 'ಶ್ರೀಮತಿ' ಅನ್ನೋ ಪದದಲ್ಲಿ ಗಂಡ ಎಲ್ಲೂ ಇಲ್ಲ ನೋಡ್ರಿ. ಶ್ರೀ ಉಳ್ಳವನು ಶ್ರೀಮಾನ್, ಶ್ರೀ ಉಳ್ಳವಳು ಶ್ರೀಮತಿ. ಅಷ್ಟೇ ಅರ್ಥ. ಮದುವೆ ಆದವಳು ಅನ್ನೋದು ಆಮೇಲೆ ಬಳಕೆಯಿಂದ ಅಂಟಿಕೊಂಡದ್ದು. ಹಾಗಾಗಿ ಐವತ್ತು ದಾಟಿದ ಮದುವೆಯಾಗದ ಹೆಣ್ಣುಮಗಳಿಗೆ 'ಶ್ರೀಮತಿ' ಬರೆದರೆ ಪದದ ಅರ್ಥದಲ್ಲಿ ತಪ್ಪಿಲ್ಲ. ಆದರೆ ನಿಮ್ಮ ಸಂಗೀತದ ಟೀಚರ್ ವಿದ್ವತ್ ಪರೀಕ್ಷೆ ಪಾಸ್ ಮಾಡಿದ್ದರೆ ಇನ್ನೂ ಚೆಂದದ ದಾರಿ ಇದೆ: 'ವಿದುಷಿ'. ಅದು ಅವರು ದುಡಿದು ಸಂಪಾದಿಸಿದ್ದು.

ನಮ್ಮ ಗಡಿ ಭಾಗದಲ್ಲಿ ಮರಾಠಿ ಕನ್ನಡ ಎರಡೂ ಓಡಾಡುತ್ತವೆ. ನಮ್ಮ ಅಜ್ಜಿಗೆ ಬರುತ್ತಿದ್ದ ಕಾಗದಗಳಲ್ಲಿ ಹೆಸರಿನ ಮುಂದೆ 'ಗಂ.ಭಾ.' ಅಂತ ಇರುತ್ತಿತ್ತು. ಗಂಗಾ ಭಾಗೀರಥಿ. ಗಂಡ ಸತ್ತವಳು ಅಂತ ಹೇಳೋ ರೀತಿ ಅದು. ಸಣ್ಣವನಿದ್ದಾಗ ಗಂಗೆಯ ಹೆಸರು ಅಂದರೆ ದೊಡ್ಡ ಗೌರವ ಅಂದುಕೊಂಡಿದ್ದೆ. ಅಜ್ಜಿ ಮಾತ್ರ ಆ ಎರಡು ಅಕ್ಷರದ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಕಾಗದ ನನ್ನ ಕೈಯಲ್ಲಿ ಓದಿಸುತ್ತಿದ್ದಳು. 2023ರಲ್ಲಿ ಮಹಾರಾಷ್ಟ್ರದಲ್ಲಿ 'ವಿಧವಾ' ಪದದ ಬದಲು 'ಗಂಗಾ ಭಾಗೀರಥಿ' ಅಂತ ಕರೆಯುವ ಪ್ರಸ್ತಾವ ಬಂದಾಗ ತುಂಬ ಜನ ವಿರೋಧಿಸಿದರು. ನನಗೆ ಅಜ್ಜಿಯ ಹೆಬ್ಬೆರಳು ನೆನಪಾಯ್ತು.

ಅದಕ್ಕೂ ಮುಂಚೆ, 2022ರ ಮೇ ತಿಂಗಳಲ್ಲಿ, ನಮ್ಮಿಂದ ದೂರ ಏನಲ್ಲ, ಕೊಲ್ಹಾಪುರ ಜಿಲ್ಲೆ ಶಿರೋಳ ತಾಲ್ಲೂಕಿನ ಹೇರವಾಡ ಗ್ರಾಮ ಪಂಚಾಯತಿ ಒಂದು ಠರಾವು ಮಾಡಿತು. ಗಂಡ ಸತ್ತಾಗ ಹೆಂಡತಿಯ ಕುಂಕುಮ ಅಳಿಸೋದು, ಬಳೆ ಒಡೆಯೋದು, ತಾಳಿ ಕಾಲುಂಗುರ ತೆಗೆಸೋದು ನಮ್ಮ ಊರಲ್ಲಿ ಬೇಡ ಅಂತ. ಒಂದು ಹಳ್ಳಿಯವರು ಸಭೆ ಸೇರಿ ಅಷ್ಟು ದೊಡ್ಡ ಮಾತು ಹೇಳಿದ ಮೇಲೆ, ನಾವು ಕವರ್ ಮೇಲೆ ಒಂದು 'ಶ್ರೀಮತಿ' ಬರೆಯೋಕೆ ಹೆದರಬೇಕೇ?

ಇನ್ನು ಹೂವಮ್ಮನ ಪ್ರಶ್ನೆ. ಹನ್ನೆರಡನೇ ಶತಮಾನದ ಶರಣೆಯರ ಹೆಸರು ನೋಡಿ. ಅಕ್ಕಮಹಾದೇವಿ, ಮುಕ್ತಾಯಕ್ಕ, ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮ, ಅಮುಗೆ ರಾಯಮ್ಮ. ಅಕ್ಕ, ಅಮ್ಮ, ಅವ್ವ ಇವೇ ನಮ್ಮ ಗೌರವದ ಮಾತು, ಹೆಸರಿನ ಒಳಗೇ ಬೆಸೆದುಕೊಂಡಿವೆ. ಲಕ್ಕಮ್ಮನ ಹೆಸರಿನ ಮುಂದೆ ಇರೋದು ಗಂಡನ ಹೆಸರಲ್ಲ, ಆ ದಂಪತಿಯ ಕಾಯಕ. ಆದರೆ ಕಾಯಕದ ಜತೆ ಹೆಸರೂ ಇದೆ, ಗಮನಿಸಿ. ಹೋಗಿ ಕೇಳಿ ಅವಳ ಹೆಸರು.

ಪುತ್ತೂರು

ನಮ್ಮ ಕಡೆ ಬಂಟರ ಮನೆಗಳಲ್ಲಿ ಅಳಿಯಸಂತಾನ ಇದ್ದದ್ದರಿಂದ ಮನೆ, ಬಳಿ (ಅಂದರೆ ಕುಲ) ಎಲ್ಲ ತಾಯಿ ಕಡೆಯಿಂದ ಲೆಕ್ಕ. ಕಾರ್ಡ್‌ಗಳಲ್ಲಿ 'ಶ್ರೀಮತಿ ಮತ್ತು ಶ್ರೀ' ಅಂತ ಹೆಂಗಸಿನ ಹೆಸರು ಮೊದಲು ಬರುವುದು ನಮಗೆ ಹೊಸದಲ್ಲ. ಅಜ್ಜಿ ಒಬ್ಬರೇ ಇದ್ದರೂ ಮನೆಯ ಹೆಸರಿನ ಜತೆ ಅವರ ಹೆಸರಿಗೇ ಪತ್ರಿಕೆ ಬರುತ್ತದೆ. ಹಾಗಂತ ನಮ್ಮಲ್ಲೂ ಎಲ್ಲ ಸರಿ ಇದೆ ಅಂತಲ್ಲ. ಹೆಸರು ಮೊದಲು ಬರೆಯುತ್ತಾರೆ, ಗಂಡ ಇಲ್ಲದ ಅಜ್ಜಿಯನ್ನು ಧಾರೆಯ ಹೊತ್ತಿಗೆ ಹಿಂದೆ ಕೂರಿಸುವುದನ್ನೂ ನೋಡಿದ್ದೇನೆ.

ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ಗಂಡನನ್ನು ಕಳೆದುಕೊಂಡ ಇಬ್ಬರು ಹೆಂಗಸರನ್ನು ಅರ್ಚಕಿಯರಾಗಿ ನೇಮಿಸಿದರು. ಅವರ ಕೈಯ ಪ್ರಸಾದಕ್ಕೆ ಜನ ಕೈ ಒಡ್ಡಿದರು. ನಿಮ್ಮ ಅತ್ತೆಯವರಿಗೆ ಇದನ್ನೊಮ್ಮೆ ಹೇಳಿ ನೋಡಿ. ವಾದಕ್ಕೆ ಅಲ್ಲ, ಸುಮ್ನೆ ಸಂಜೆ ಕಾಫಿ ಹೊತ್ತಿಗೆ.

ನ್ಯೂಜೆರ್ಸಿ ಕನ್ನಡತಿ

ಇಲ್ಲೂ ಇದೇ ಜಗ್ಗಾಟ ನಡೆದಿದೆ. ಹಳೇ ಪದ್ಧತಿಯಲ್ಲಿ ಮದುವೆಯಾದವಳು 'ಮಿಸೆಸ್' ಜತೆಗೆ ಗಂಡನ ಪೂರ್ತಿ ಹೆಸರು, ಅವಳ ಹೆಸರು ಕವರ್ ಮೇಲೆ ಬರುತ್ತಲೇ ಇರಲಿಲ್ಲ. ಮದುವೆ ಆಗಿದೆಯೋ ಇಲ್ಲವೋ ತಿಳಿಸದ 'ಮಿಝ್' ಅನ್ನೋ ಪದವನ್ನು 1901ರಲ್ಲೇ ಮ್ಯಾಸಚೂಸೆಟ್ಸ್‌ನ ಒಂದು ಪತ್ರಿಕೆ ಸೂಚಿಸಿತ್ತು. ನ್ಯೂಯಾರ್ಕ್ ಟೈಮ್ಸ್ ಒಪ್ಪಿಕೊಂಡದ್ದು 1986ರಲ್ಲಿ. ಎಂಬತ್ತೈದು ವರ್ಷ ಹಿಡಿಯಿತು.

ನಾನು ತಂಗಿಯ ಮದುವೆಗೆ ಇಲ್ಲಿಂದ ಕಾರ್ಡ್ ಕಳಿಸುವಾಗ ಒಂದೇ ನಿಯಮ ಇಟ್ಟುಕೊಂಡೆ. ಗೊತ್ತಿಲ್ಲದಿದ್ದರೆ ಕೇಳೋದು. ಒಂದು ಮೆಸೇಜ್, 'ಕಾರ್ಡ್ ಮೇಲೆ ನಿಮ್ಮ ಹೆಸರು ಹೇಗೆ ಬರೆಯಲಿ?' ಅಂತ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಡೈವೋರ್ಸ್ ಆದ ಗೆಳತಿಗೂ ಅದೇ ಮಾಡಿ. ಅವಳ ವಿಷಯವನ್ನು ನೀವೇ ಊಹಿಸಿ ತೀರ್ಮಾನಿಸಬೇಡಿ.

ಹಾಸನ

ನನ್ನ ಯಜಮಾನರು ಹೋಗಿ ಆರು ವರ್ಷ. ಕವರ್ ಮೇಲೆ ಏನು ಬರೆದರೂ ನನಗೆ ನಡೆಯುತ್ತೆ. ಕರೆಯೋಕೆ ಮನೆಗೆ ಬಂದವರು ನನ್ನ ಸೊಸೆಗೆ ಕುಂಕುಮ ಕೊಟ್ಟು, ಭರಣಿ ಮುಚ್ಚಿ, ಆಮೇಲೆ ನನ್ನ ಕಡೆ ತಿರುಗಿ "ನೀವೂ ಬನ್ನಿ" ಅಂತಾರಲ್ಲ, ಅದು ತಡೆಯೋಕಾಗಲ್ಲ. ಆ ಮುಚ್ಚಳದ ಸದ್ದು ಕೇಳುತ್ತೆ ನನಗೆ. ನೀವು ತಿಪಟೂರಿಗೆ ಹೋದಾಗ ಭರಣಿ ಮುಚ್ಚಬೇಡಿ ಅಕ್ಕ. ತಗೊಳ್ಳೋದು ಬಿಡೋದು ಅವರಿಗೆ ಬಿಡಿ. ಆದರೆ ಮೊದಲು ಅವರ ಮುಂದೆ ಹಿಡಿಯಿರಿ.

ತುಮಕೂರಿನ ಅಮ್ಮ

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ಹಾಸನದ ತಂಗಿ ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನೂ ಎಷ್ಟೋ ಮನೆಯಲ್ಲಿ ಹಾಗೆ ಭರಣಿ ಮುಚ್ಚಿದ್ದೇನೆ. ಗೊತ್ತೇ ಆಗಿರಲಿಲ್ಲ.

ಈ ವಾರ ಏನಾಯ್ತು ಹೇಳುತ್ತೇನೆ.

ಸಂಗೀತದ ಟೀಚರ್ ವಿದ್ವತ್ ಮಾಡಿದ್ದಾರೆ ಅಂತ ಮಗಳೇ ಹೇಳಿದಳು. 'ವಿದುಷಿ' ಅಂತ ಬರೆದೆ. ಗೆಳತಿಗೆ ಮಗಳು ಮೆಸೇಜ್ ಮಾಡಿದಳು. ಹೆಸರು ಮತ್ತು ಅಪ್ಪನ ಮನೆಯ ಇನಿಷಿಯಲ್ ಸಾಕು, ಮುಂದೆ ಏನೂ ಬೇಡ ಅಂತ ಉತ್ತರ ಬಂತು. 'ಅವರಿಗೆ' ಅಂತ ಮಾತ್ರ ಸೇರಿಸಿದೆ. ಎದುರು ಮನೆ ಕವರ್ ಮೇಲೆ ಡಾಕ್ಟರ್ ಹೆಸರು ಮೊದಲು ಬಂತು, ಹಾರ್ಡ್‌ವೇರ್ ಅಂಗಡಿಯವರು ಖುಷಿಯಾಗಿಯೇ ತಗೊಂಡರು.

ಅತ್ತೆಗೆ ಕುದ್ರೋಳಿಯ ವಿಷಯ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಮಾರನೇ ದಿನ ನಾನು ತಿಪಟೂರಿಗೆ ಹೊರಡುವಾಗ ಅಡುಗೆ ಮನೆಯಿಂದ ಬಂದು, "ಅವಳಿಗೆ ಹೂವು ಒಂದು ಮೊಳ ಜಾಸ್ತಿ ತಗೊಂಡು ಹೋಗು" ಅಂದರು. ಅಷ್ಟೇ. ಅದನ್ನು ಒಪ್ಪಿಗೆ ಅಂತ ನಾನು ತಗೊಂಡೆ.

ಕವರ್ ಮೇಲೆ 'ಶ್ರೀಮತಿ' ಅಂತ ಸೋದರತ್ತೆಯ ಹೆಸರೊಂದನ್ನೇ ಬರೆದಿದ್ದೆ. ಮಗ ಸೊಸೆಗೆ ಬೇರೆ ಕವರ್. ಸೋದರತ್ತೆ ಜಗುಲಿಯ ಮೇಲೆ ಕೊಬ್ಬರಿ ಒಡೆಯುತ್ತಾ ಕೂತಿದ್ದರು. ಭರಣಿ ತೆರೆದು ಮೊದಲು ಅವರ ಮುಂದೆಯೇ ಹಿಡಿದೆ. ನನ್ನ ಮುಖ ನೋಡಿದರು, ಒಳಗೆ ನಿಂತಿದ್ದ ಸೊಸೆಯನ್ನು ನೋಡಿದರು. ಕುಂಕುಮ ಮುಟ್ಟಲಿಲ್ಲ. ಹೂವು ತಗೊಂಡು ತಾವೇ ಮುಡಿದುಕೊಂಡರು. ನಾನೂ ಒತ್ತಾಯ ಮಾಡಲಿಲ್ಲ.

ಆಮೇಲೆ ಕನ್ನಡಕ ಹಾಕಿಕೊಂಡು ಕವರ್ ಓದಿದರು. "ಇನಿಷಿಯಲ್ ತಪ್ಪಾಗಿದೆ ಕಣೇ" ಅಂದರು. ನಾನು ಮಾವನ ಹೆಸರಿನ 'ಟಿ' ಹಾಕಿದ್ದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ, ತೋಟದ ಪಹಣಿಯಲ್ಲಿ ಎಲ್ಲ 'ಕೆ' ಅಂತೆ, ನಮ್ಮ ತಾತನ ಹೆಸರಿಂದು. ನನಗೆ ಗೊತ್ತೇ ಇರಲಿಲ್ಲ. ಸೊಸೆಯ ಹತ್ತಿರ ಪೆನ್ ತರಿಸಿ, 'ಟಿ' ಹೊಡೆದು ಹಾಕಿ, ಮೇಲೆ 'ಕೆ' ಅಂತ ತಾವೇ ಬರೆದರು. ಪತ್ರಿಕೆ ಓದೋಕೆ ಮುಂಚೆ ಮಾಡಿದ ಮೊದಲ ಕೆಲಸ ಅದು.

ಇನ್ನು ಹೂವಮ್ಮ. ಗೇಟಿನ ಹತ್ತಿರ ಹೆಸರು ಕೇಳಿದೆ. "ನನ್ನ ಹೆಸರ್ಯಾಕಮ್ಮ, ಹೂವಮ್ಮ ಅಂತ್ಲೇ ಬರಿ" ಅಂದಳು. ಪತ್ರಿಕೆಗೆ ಬೇಕು ಅಂದೆ. ಸ್ವಲ್ಪ ಹೊತ್ತು ನಿಂತಳು. ಆಮೇಲೆ ಎಲೆ ಅಡಿಕೆ ಚೀಲ ಬಿಚ್ಚಿ, ಪ್ಲಾಸ್ಟಿಕ್ ಕವರಿನಿಂದ ಆಧಾರ್ ಕಾರ್ಡ್ ತೆಗೆದು ಕೊಟ್ಟಳು. 2023ರಲ್ಲಿ ಹೆಂಗಸರಿಗೆ ಬಸ್ ಫ್ರೀ ಆದಾಗಿನಿಂದ ಕಂಡಕ್ಟರ್‌ಗೆ ತೋರಿಸೋಕೆ ಅಂತ ಅದನ್ನು ಚೀಲದಲ್ಲೇ ಇಟ್ಟಿರುತ್ತಾಳೆ. ಕಂಡಕ್ಟರ್ ದಿನಾ ನೋಡುತ್ತಿದ್ದ ಹೆಸರು ನಾನು ಅವತ್ತು ನೋಡಿದೆ. ಗಂಗಹನುಮಕ್ಕ.

ಅವಳ ಎದುರಿಗೇ ಕವರ್ ಮೇಲೆ 'ಶ್ರೀಮತಿ ಗಂಗಹನುಮಕ್ಕ ಅವರಿಗೆ' ಅಂತ ಬರೆದು ಕೊಟ್ಟೆ. ಓದೋಕೆ ಬರೋದಿಲ್ಲ ಅವಳಿಗೆ. ಎಲ್ಲಿಂದ ಎಲ್ಲಿಯವರೆಗೆ ತನ್ನ ಹೆಸರು ಅಂತ ಕೇಳಿದಳು. ಬೆರಳಿಟ್ಟು ತೋರಿಸಿದೆ. "ಇಷ್ಟುದ್ದ ಐತಾ" ಅಂದಳು. ಕವರ್ ಒದ್ದೆ ಆಗಬಾರದು ಅಂತ ಹೂವಿನ ಬುಟ್ಟಿಯಲ್ಲಿ ಇಡಲಿಲ್ಲ. ಆಧಾರ್ ಇಡುವ ಪ್ಲಾಸ್ಟಿಕ್‌ಗೆ ಸೇರಿಸೋಕೆ ನೋಡಿದಳು, ಹಿಡಿಸಲಿಲ್ಲ. ಕೊನೆಗೆ ಕೈಯಲ್ಲೇ ಹಿಡಿದುಕೊಂಡು ಮುಂದಿನ ಮನೆಗೆ ಹೋದಳು.

ಉಳಿದ ಕವರ್ ಬರೆಯೋಕೆ ಇವತ್ತು ರಾತ್ರಿ ಕೂರುತ್ತೇನೆ. ಈ ಸಲದ ಮುಯ್ಯಿ ಪುಸ್ತಕ ಬರೆಯುವ ಕೆಲಸ ತಮ್ಮನಿಗೆ ವಹಿಸಿದ್ದೇನೆ. ಪ್ರತಿಯೊಬ್ಬರ ಹತ್ತಿರವೂ ಹೆಸರು ಕೇಳಿಯೇ ಬರೀಬೇಕು ಅಂತ ಹೇಳಿದ್ದೇನೆ.